ಆರೋಪಿಯ ಮನಸ್ಸಿನಲ್ಲಿ ಏನಿತ್ತು ಅಂತ ಕೋರ್ಟಿಗೆ ಹೇಗೆ ಗೊತ್ತಾಗುತ್ತದೆ?

"ಕೊಲ್ಲುವ ಉದ್ದೇಶ ಇರಲಿಲ್ಲ ಅಂತ ಆರೋಪಿ ಹೇಳಿಬಿಟ್ಟರೆ ಅದನ್ನು ಸುಳ್ಳು ಅಂತ ತೋರಿಸುವುದು ಹೇಗೆ" ಎಂದು ಕೇಳಿದ್ದೀರಿ. ನಾನು ಕ್ರಿಮಿನಲ್ ಕೇಸು ನಡೆಸುವ ವಕೀಲ. ಕಕ್ಷಿದಾರರು ಬಂದು ಕೂತ ಕೂಡಲೇ ಹೇಳುವ ಮಾತೂ ಹೆಚ್ಚಾಗಿ ಇದೇ.

ಈ ಅನುಮಾನ ಹಳೆಯದು. ಮನುಷ್ಯನ ಯೋಚನೆ ಸೈತಾನನಿಗೂ ತಿಳಿಯದು, ಅದನ್ನು ವಿಚಾರಣೆ ಮಾಡಲಾಗದು ಎಂದು 15ನೇ ಶತಮಾನದಲ್ಲೇ ಬ್ರಯನ್ ಎಂಬ ಇಂಗ್ಲಿಷ್ ನ್ಯಾಯಾಧೀಶ ಹೇಳಿದ್ದ. 1885ರಲ್ಲಿ ಒಂದು ವಂಚನೆ ಕೇಸಿನಲ್ಲಿ ಬೋವೆನ್ ಎಂಬ ನ್ಯಾಯಾಧೀಶರು ಇದಕ್ಕೆ ಉಲ್ಟಾ ಹೇಳಿದರು: ಹೊಟ್ಟೆಯ ಸ್ಥಿತಿ ಹೇಗೆ ಒಂದು ಸಂಗತಿಯೋ ಮನಸ್ಸಿನ ಸ್ಥಿತಿಯೂ ಹಾಗೇ, ಸಾಬೀತು ಮಾಡುವುದು ಕಷ್ಟ, ಅಷ್ಟೇ. ಇವತ್ತಿನ ಕೋರ್ಟುಗಳು ಹಿಡಿದಿರುವುದು ಬೋವೆನ್ ದಾರಿ.

ಮೊದಲು, ಉದ್ದೇಶ ಬೇರೆ, ಆಸೆ ಬೇರೆ. ಲೆಕ್ಕದ ಪುಸ್ತಕ ಸುಟ್ಟುಹೋಗಲಿ ಅಂತ ಒಬ್ಬ ಗೋದಾಮಿಗೆ ಬೆಂಕಿ ಇಡುತ್ತಾನೆ ಅಂದುಕೊಳ್ಳಿ. ಒಳಗೆ ಕಾವಲುಗಾರ ಮಲಗಿದ್ದಾನೆ, ಹೊರಗಿನಿಂದ ಬೀಗ ಬಿದ್ದಿದೆ, ಇದೆಲ್ಲ ಅವನಿಗೆ ಗೊತ್ತು. ಕಾವಲುಗಾರ ಹೇಗೋ ಬದುಕಿಕೊಂಡರೆ ಅವನಿಗೆ ಖುಷಿಯೇ. ಆದರೂ "ಸಾಯಿಸುವ ಉದ್ದೇಶ ಇರಲಿಲ್ಲ" ಅನ್ನುವ ಮಾತು ನಿಲ್ಲುವುದು ಕಷ್ಟ, ಅಲ್ವಾ?

ಎಷ್ಟು ಖಚಿತವಾಗಿ ಗೊತ್ತಿರಬೇಕು ಅನ್ನುವುದೇ ನಿಜವಾದ ಜಗಳ. ಇಂಗ್ಲೆಂಡಿನ ವೂಲಿನ್ ಕೇಸು ನೋಡಿ. ಅಪ್ಪ ಸಿಟ್ಟಿನಲ್ಲಿ ಮೂರು ತಿಂಗಳ ಮಗುವನ್ನು ಎಸೆದ. ತಲೆಬುರುಡೆ ಒಡೆದು ಮಗು ಸತ್ತಿತು. ತೀವ್ರ ಗಾಯ ಮಾಡುವ ಉದ್ದೇಶ ಇದ್ದರೂ ಅಲ್ಲಿ ಅದು ಕೊಲೆಯೇ. ಆದರೆ "ದೊಡ್ಡ ಅಪಾಯ ಇದೆ ಅಂತ ಅವನಿಗೆ ತಿಳಿದಿದ್ದರೆ ಸಾಕು" ಎಂದು ವಿಚಾರಣಾ ನ್ಯಾಯಾಧೀಶರು ಜ್ಯೂರಿಗೆ (ತೀರ್ಪು ಕೊಡುವ ಸಾಮಾನ್ಯ ಜನರ ತಂಡಕ್ಕೆ) ಹೇಳಿದ್ದು ತಪ್ಪಾಯಿತು. ಸಾವು ಅಥವಾ ತೀವ್ರ ಗಾಯ ಹೆಚ್ಚುಕಡಿಮೆ ಆಗಿಯೇ ತೀರುತ್ತದೆ ಅಂತ ಅವನಿಗೆ ಗೊತ್ತಿದ್ದರೆ ಮಾತ್ರ ಉದ್ದೇಶ ಇತ್ತು ಅಂತ ತೀರ್ಮಾನಿಸಬಹುದು ಎಂದು 1998ರಲ್ಲಿ, ಆಗ ಅಲ್ಲಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿ, ಕೊಲೆಯ ತೀರ್ಪನ್ನು ನರಹತ್ಯೆಗೆ, ಅಂದರೆ ಕೊಲೆಗಿಂತ ಕಡಿಮೆ ಅಪರಾಧಕ್ಕೆ, ಇಳಿಸಿತು. ಓದಿದಾಗ ಹೊಟ್ಟೆ ಉರಿಯುತ್ತದೆ. ಆದರೂ ನನ್ನ ಪ್ರಕಾರ ಅದು ಸರಿ. ಅಜಾಗರೂಕತೆ ಎಷ್ಟೇ ಕ್ರೂರವಾಗಿದ್ದರೂ ಉದ್ದೇಶ ಆಗುವುದಿಲ್ಲ.

ನಮ್ಮಲ್ಲಿ ಲೆಕ್ಕ ಸ್ವಲ್ಪ ಬೇರೆ. 1958ರ ವಿರ್ಸಾ ಸಿಂಗ್ ಕೇಸಿನಲ್ಲಿ ಇದ್ದದ್ದು ಹೊಟ್ಟೆಗೆ ಈಟಿಯ ಒಂದೇ ತಿವಿತ. ಆ ಗಾಯವನ್ನೇ ಮಾಡಬೇಕು ಅಂತ ಇತ್ತೇ? ಆರೋಪಿಯ ಮನಸ್ಸಿನ ಬಗ್ಗೆ ಪ್ರಶ್ನೆ ಅಷ್ಟೇ ಎಂದಿತು ಸುಪ್ರೀಂ ಕೋರ್ಟ್. ಸಾಮಾನ್ಯವಾಗಿ ಅಂಥ ಗಾಯ ಸಾವು ತರಲು ಸಾಕೇ ಅನ್ನುವುದನ್ನು ಗಾಯ ನೋಡಿ ಹೇಳಬೇಕು. "ಸಾಯುತ್ತಾನೆ ಅಂತ ಗೊತ್ತಿರಲಿಲ್ಲ" ಅಂದರೆ ನಡೆಯುವುದಿಲ್ಲ. ಕೊಲೆ ಅಂದರೇನು ಅಂತ ಹೇಳುವ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 300ನೇ ಸೆಕ್ಷನ್ನಿನಲ್ಲಿದ್ದ ಈ ಭಾಗ ಈಗ ಭಾರತೀಯ ನ್ಯಾಯ ಸಂಹಿತೆಯ 101ರಲ್ಲಿದೆ.

ಪುರಾವೆ ಅಂದರೆ ಕೊನೆಗೆ ನಡೆದ ಸಂಗತಿಗಳೇ. ಯಾವ ಆಯುಧ, ದೇಹದ ಯಾವ ಭಾಗ, ಎಷ್ಟು ಪೆಟ್ಟು, ಮೊದಲು ಬೆದರಿಸಿದ್ದನೇ, ಆಮೇಲೆ ಓಡಿಹೋದನೇ ಅಥವಾ ಆಸ್ಪತ್ರೆಗೆ ಸಾಗಿಸಿದನೇ. ದ್ವೇಷದಂಥ ಕಾರಣ ಇದ್ದರೆ ಪ್ರಾಸಿಕ್ಯೂಷನ್ನಿಗೆ ಬಲ; ಇಲ್ಲದಿದ್ದರೂ ಕೇಸು ಬೀಳಬೇಕಾಗಿಲ್ಲ. "ಉದ್ದೇಶ ಇರಲಿಲ್ಲ" ಅನ್ನುವ ಅವನ ಮಾತನ್ನೂ ಇದೇ ತಕ್ಕಡಿಯಲ್ಲಿ ತೂಗುತ್ತಾರೆ.

ಹಾಗಾಗಿ ಕಕ್ಷಿದಾರರು ಆ ಮಾತು ಹೇಳಿದಾಗ ನಾನು ವಾದಕ್ಕೆ ಹೋಗುವುದಿಲ್ಲ. ಚಾಕು ಅಲ್ಲೇ ಕೈಗೆ ಸಿಕ್ಕಿತಾ, ಒಳಗೆ ಹೋಗಿ ತಂದಿರಾ ಅಂತ ಮಾತ್ರ ಕೇಳುತ್ತೇನೆ.