ಅಮ್ಮನಿಗೆ ಹೇಳಲಾಗದ ಪದ

ಇದನ್ನು ಬರೆಯಬೇಕೋ ಬೇಡವೋ ಅಂತ ತುಂಬ ದಿನ ಯೋಚಿಸಿದೆ. ಬರೆಯಲು ಎರಡು ಕಾರಣ. ಒಂದು, ನಾನು ಆಪ್ತಸಲಹೆಗಾರ್ತಿ; ಕೆಲಸ ಕಳೆದುಕೊಂಡು ಅದನ್ನು ಮನೆಯವರಿಂದ ಬಚ್ಚಿಟ್ಟವರು ಈಗ ತಿಂಗಳಿಗೆ ಇಬ್ಬರಾದರೂ ನನ್ನ ಬಳಿ ಬರುತ್ತಾರೆ. ಇನ್ನೊಂದು, ಇದರಲ್ಲಿ ನಾನೂ ಒಂದು ತಪ್ಪು ಮಾಡಿದೆ. ಹೆಸರು, ಊರು, ಹುದ್ದೆ ಎಲ್ಲವನ್ನೂ ಬದಲಿಸಿದ್ದೇನೆ. ಅವರಿಗೆ ಓದಲು ಕೊಟ್ಟು, ಅವರು ಒಪ್ಪಿದ ಮೇಲೇ ಇದು ಹೊರಗೆ ಬರುತ್ತಿದೆ.

ಮಂಜುನಾಥ ಅಂತ ಇಟ್ಟುಕೊಳ್ಳೋಣ. ವಯಸ್ಸು 42. ತಿಪಟೂರು ಕಡೆಯವರು, ತೆಂಗಿನ ತೋಟದ ಮನೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ತಂಡವೊಂದನ್ನು ನೋಡಿಕೊಳ್ಳುತ್ತಿದ್ದರು. ಒಂದೇ ಕಂಪನಿಯಲ್ಲಿ 11 ವರ್ಷ. ಹೆಂಡತಿ, ಎಂಟನೇ ಕ್ಲಾಸಿನ ಮಗಳು, ಸಾಲದ ಫ್ಲಾಟು. ಒಂದು ಮಂಗಳವಾರ 12 ನಿಮಿಷದ ವಿಡಿಯೋ ಕಾಲ್ ಬಂತು. ಮ್ಯಾನೇಜರ್ ಎರಡು ಮಾತಾಡಿ ಸುಮ್ಮನಾದರು. ಉಳಿದದ್ದನ್ನು ಎಚ್‌ಆರ್ ಓದಿದರು. ‘ನೀವೇ ರಾಜೀನಾಮೆ ಕೊಟ್ಟರೆ ನಿಮಗೇ ಒಳ್ಳೆಯದು’ ಅಂದರು. ಇವರು ಕೊಟ್ಟರು. ಸಂಜೆಯೊಳಗೆ ಲಾಗಿನ್ ಬಂದ್. ಕೈಗೆ ಬಂದದ್ದು ಮೂರು ತಿಂಗಳ ಸಂಬಳ.

ಹೆಂಡತಿಗೆ ಅವತ್ತು ರಾತ್ರಿಯೇ ಹೇಳಿದರು. ಬೇರೆ ಯಾರಿಗೂ ತಿಳಿಯುವುದು ಬೇಡ ಅಂತ ಇಬ್ಬರೂ ತೀರ್ಮಾನ ಮಾಡಿದರು. ಮಗಳಿಗೆ ಬೇಡ, ಊರಲ್ಲಿ ಅಮ್ಮನಿಗೆ ಬೇಡ, ಮಾವನ ಮನೆಗಂತೂ ಬೇಡವೇ ಬೇಡ.

ಮೊದಲೆಲ್ಲ ಕೆಲಸ ಕಳೆದುಕೊಂಡವರು ಟಿಫಿನ್ ಡಬ್ಬಿ ಹಿಡಿದು ಹೊರಟು, ಕಬ್ಬನ್ ಪಾರ್ಕಿನಲ್ಲೋ ಲೈಬ್ರರಿಯಲ್ಲೋ ಹೊತ್ತು ಕಳೆದು ಸಂಜೆ ಮನೆಗೆ ಬರುತ್ತಿದ್ದರು. ಈಗ ಅಷ್ಟು ಕಷ್ಟ ಬೇಡ. ವರ್ಕ್ ಫ್ರಂ ಹೋಮ್ ಅಂದು ರೂಮಿನ ಬಾಗಿಲು ಹಾಕಿಕೊಂಡರೆ ಆಯಿತು. ಮಗಳು ಸ್ಕೂಲಿನಿಂದ ಬರುವ ಹೊತ್ತಿಗೆ ಹೆಡ್‌ಫೋನ್ ಹಾಕಿಕೊಂಡು, ಯಾರ ಜೊತೆಗೋ ಮೀಟಿಂಗಿನಲ್ಲಿ ಇರುವ ಹಾಗೆ ತುಟಿ ಅಲ್ಲಾಡಿಸುತ್ತಾ ಕೂರುತ್ತಿದ್ದೆ ಅಂತ ಅವರೇ ಹೇಳಿದರು. ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಅವರು ನನ್ನ ಬಳಿ ಬಂದದ್ದು ಕೆಲಸದ ವಿಷಯಕ್ಕಲ್ಲ, ನಿದ್ದೆ ಬರುತ್ತಿಲ್ಲ ಅಂತ. ಮೊದಲ ಮೂರು ಭೇಟಿಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ರಾತ್ರಿ ಎರಡು ಗಂಟೆವರೆಗೂ ನೌಕ್ರಿ, ಲಿಂಕ್ಡ್‌ಇನ್ ಅಂತ ಕೆಲಸ ಹುಡುಕುವ ವೆಬ್‌ಸೈಟು ನೋಡುತ್ತಾ ಕೂತಿರುತ್ತಿದ್ದರು. ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕಡೆ ಅರ್ಜಿ. ಆರು ಇಂಟರ್‌ವ್ಯೂ ಆಗಿತ್ತು. ಟೆಕ್ನಿಕಲ್ ಸುತ್ತು ದಾಟುತ್ತಿತ್ತು, ಎಚ್‌ಆರ್ ಅಥವಾ ಮ್ಯಾನೇಜರ್ ಸುತ್ತಿನಲ್ಲಿ ನಿಂತುಹೋಗುತ್ತಿತ್ತು. ‘ವಯಸ್ಸು ಮೇಡಂ, ನಲವತ್ತು ದಾಟಿದವರು ಯಾರಿಗೂ ಬೇಡ’ ಅಂದರು. ಅದರಲ್ಲಿ ನಿಜ ಇಲ್ಲದಿಲ್ಲ. 2025ರ ಜುಲೈನಲ್ಲಿ ದೇಶದ ಅತಿ ದೊಡ್ಡ ಐಟಿ ಕಂಪನಿ ಸುಮಾರು 12,000 ಜನರನ್ನು ಕಡಿಮೆ ಮಾಡುತ್ತೇವೆ ಅಂದಾಗಲೂ ಹೆಚ್ಚಿನವರು ಮಧ್ಯದ ಮತ್ತು ಮೇಲಿನ ಹಂತದವರು ಅಂತಲೇ ಹೇಳಿತ್ತು. ಆದರೆ ಟೆಕ್ನಿಕಲ್ ಸುತ್ತಿನಲ್ಲೂ ಇವರಿಗೆ ಅಷ್ಟೇ ವಯಸ್ಸಾಗಿತ್ತಲ್ಲ? ಅಲ್ಲಿ ದಾಟಿದವರು ಇಲ್ಲಿ ಯಾಕೆ ನಿಲ್ಲುತ್ತಾರೆ?

ನಾಲ್ಕನೇ ಭೇಟಿಯಲ್ಲಿ ನಾನೇ ಎಚ್‌ಆರ್ ಆದೆ. ‘ಹಿಂದಿನ ಕಂಪನಿ ಯಾಕೆ ಬಿಟ್ರಿ?’ ಅಂತ ಕೇಳಿದೆ.

ಅವರು ಬೆನ್ನು ನೆಟ್ಟಗೆ ಮಾಡಿ ಇಂಗ್ಲಿಷಿನಲ್ಲಿ ಶುರು ಮಾಡಿದರು. ರೀಸ್ಟ್ರಕ್ಚರಿಂಗ್. ನನ್ನ ರೋಲ್ ಇಂಪ್ಯಾಕ್ಟ್ ಆಯಿತು. ಆಮೇಲೆ ಪ್ರಾಜೆಕ್ಟಿನ ಕಥೆ. ಆಮೇಲೆ ಮ್ಯಾನೇಜರ್. ಹಿಂದಿನ ವರ್ಷ ಯಾವ ರೇಟಿಂಗ್ ಕೊಟ್ಟಿದ್ದರು, ಯಾರನ್ನು ಉಳಿಸಿಕೊಂಡರು, ಅವನು ಇವರಿಗಿಂತ ಎಷ್ಟು ಕಿರಿಯ. ನಾನು ಗೋಡೆಯ ಗಡಿಯಾರ ನೋಡಿದೆ. ಅವರು ನಿಲ್ಲಿಸಿದಾಗ ಒಂಬತ್ತು ನಿಮಿಷ ಆಗಿತ್ತು.

‘ಒಂದು ನಿಮಿಷ ಮಾತಾಡಿರಬಹುದು’ ಅಂದರು. ಒಂಬತ್ತು ಅಂದೆ. ನಂಬಲಿಲ್ಲ.

ಇಂಟರ್‌ವ್ಯೂ ತರಬೇತಿ ಕೊಡುವವರಾದರೆ ಇಲ್ಲಿ ಉತ್ತರವನ್ನು ಚಿಕ್ಕದು ಮಾಡಿಸುತ್ತಿದ್ದರು. ನನಗೆ ಬೇರೊಂದು ಅನುಮಾನ ಬಂತು. ಈ ವಿಷಯವನ್ನು ಇವರು ಇಂಗ್ಲಿಷಿನಲ್ಲಿ, ಗುರುತಿಲ್ಲದವರ ಮುಂದೆ ಬಿಟ್ಟರೆ ಇನ್ನೆಲ್ಲೂ ಪೂರ್ತಿ ಆಡಿಯೇ ಇಲ್ಲ. ಅದಕ್ಕೇ ಅಲ್ಲಿ ಕಟ್ಟೆ ಒಡೆಯುತ್ತದೆ. ಪಕ್ಕದಲ್ಲಿದ್ದ ಖಾಲಿ ಕುರ್ಚಿಯನ್ನು ಎಳೆದು ಅವರ ಮುಂದಿಟ್ಟೆ.

‘ಇಲ್ಲಿ ನಿಮ್ಮ ಅಮ್ಮ ಕೂತಿದ್ದಾರೆ. ಅವರಿಗೆ ಹೇಳಿ.’

‘ಅಮ್ಮನಿಗೆ ರೀಸ್ಟ್ರಕ್ಚರಿಂಗ್ ಅಂದ್ರೆ ಗೊತ್ತಾಗಲ್ಲ ಮೇಡಂ.’

‘ಗೊತ್ತಾಗೋ ಹಾಗೆ ಹೇಳಿ.’

ತುಂಬ ಹೊತ್ತು ಸುಮ್ಮನಿದ್ದರು. ಕುರ್ಚಿ ನೋಡಲಿಲ್ಲ, ಕಿಟಕಿ ನೋಡಿದರು. ಆಮೇಲೆ ಮೆಲ್ಲಗೆ, ‘ಅಮ್ಮಾ, ನನ್ನ ಕೆಲಸದಿಂದ ತೆಗೆದ್ರು’ ಅಂದರು. ಅಂದವರೇ ತಲೆ ಅಲ್ಲಾಡಿಸಿದರು. ‘ಆಗಲ್ಲ ಮೇಡಂ. ನಮ್ಮೂರಲ್ಲಿ ಕದ್ದವರನ್ನ ಕೆಲಸದಿಂದ ತೆಗೆಯೋದು.’

ಹಾಲಿನ ಡೈರಿಯಲ್ಲಿ ಲೆಕ್ಕ ತಪ್ಪಿಸಿದ ಒಬ್ಬರನ್ನು ಅವರು ಚಿಕ್ಕವರಿದ್ದಾಗ ತೆಗೆದಿದ್ದರಂತೆ. ಮೂವತ್ತು ವರ್ಷ ಆದರೂ ಊರವರು ಆ ಮನೆಯನ್ನು ಗುರುತಿಸುವುದು ‘ಡೈರಿಯಿಂದ ತೆಗೆದ್ರಲ್ಲ, ಅವರ ಮನೆ’ ಅಂತಲೇ.

ಆ ಮಾತು ಕೇಳಿ ನಾನೂ ಸ್ವಲ್ಪ ಹೊತ್ತು ಸುಮ್ಮನಾದೆ. ಎಷ್ಟೋ ಜನ ಇದೇ ಜಾಗಕ್ಕೆ ಬಂದು ನಿಂತದ್ದನ್ನು ನೋಡಿದ್ದೆ, ಯಾಕೆ ಅಂತ ಹೊಳೆದಿರಲಿಲ್ಲ. ತಪ್ಪು ಮಾಡದವನ ಕೆಲಸ ಹೋಗುವುದಕ್ಕೆ ನಮ್ಮ ಮನೆಮಾತಿನಲ್ಲಿ ಸರಿಯಾದ ಪದವೇ ಇಲ್ಲ. ‘ತೆಗೆದರು’ ಅಂದರೆ ಏನೋ ಮಾಡಿದ್ದಾನೆ ಅಂತ. ‘ವಜಾ’ ಅಂದರೆ ಶಿಕ್ಷೆ. ಪತ್ರಿಕೆಯ ‘ಉದ್ಯೋಗ ಕಡಿತ’ವನ್ನು ಅಡುಗೆಮನೆಯಲ್ಲಿ ಯಾರೂ ಆಡುವುದಿಲ್ಲ. ‘ಬಿಟ್ಟೆ’ ಅಂದರೆ ಸುಳ್ಳು. ಇಂಗ್ಲಿಷಿನಲ್ಲಿ ‘ಇಂಪ್ಯಾಕ್ಟ್’ ಅನ್ನುವಾಗ ಇವರ ಮುಖ ಕೆಂಪಾಗುವುದಿಲ್ಲ. ಆದರೆ ಅದು ಹತ್ತಿ ಸುತ್ತಿದ ಪದ. ಅದರ ಒಳಗಿನ ಗಾಯಕ್ಕೆ ಗಾಳಿಯೂ ಆಡುವುದಿಲ್ಲ.

ನಮ್ಮ ಚಿಕ್ಕಪ್ಪ ಬೆಂಗಳೂರಿನ ಒಂದು ದೊಡ್ಡ ಕಾರ್ಖಾನೆಯಲ್ಲಿದ್ದರು. ಅದು ಮುಚ್ಚಿದಾಗ ಬೀದಿಗೆ ಬೀದಿಯೇ ಕೆಲಸ ಕಳೆದುಕೊಂಡಿತ್ತು. ದುಡ್ಡಿನ ಕಷ್ಟ ಕಡಿಮೆ ಇರಲಿಲ್ಲ. ಆದರೆ ಕಾಂಡಿಮೆಂಟ್ಸ್ ಅಂಗಡಿ ಮುಂದೆ ನಿಂತು ಹತ್ತು ಜನ ಸೇರಿ ಬೈಯುತ್ತಿದ್ದರು. ಯಾಕೆ ಅಂತ ಯಾರೂ ಯಾರನ್ನೂ ಕೇಳಬೇಕಿರಲಿಲ್ಲ. ಈಗ ಒಬ್ಬೊಬ್ಬರನ್ನೇ ಕರೆದು, ಒಬ್ಬೊಬ್ಬರಿಗೇ ಹೇಳಿ ಕಳಿಸುತ್ತಾರೆ. ಬೈಯಲೂ ಜೊತೆಗಾರರಿಲ್ಲ.

ಮಂಜುನಾಥ ಮತ್ತು ನಾನು ಆವತ್ತು ಉಳಿದ ಹೊತ್ತೆಲ್ಲ ಅಮ್ಮನಿಗೆ ಹೇಳುವ ಮಾತನ್ನೇ ಹುಡುಕಿದೆವು. ಕೊನೆಗೆ ನಾಲ್ಕು ಸಣ್ಣ ವಾಕ್ಯ ಸಿಕ್ಕಿದವು. ‘ಅಮ್ಮ, ನನ್ನ ಕೆಲಸ ಹೋಯ್ತು. ಕಂಪನಿ ತುಂಬ ಜನರನ್ನ ಕಳಿಸಿತು, ನಾನು ತಪ್ಪು ಮಾಡಿಲ್ಲ. ಇಷ್ಟು ತಿಂಗಳಿಗೆ ದುಡ್ಡಿದೆ. ಬೇರೆ ಹುಡುಕ್ತಿದ್ದೀನಿ.’

ಮೂರನೇ ವಾಕ್ಯದಲ್ಲಿ ಸಿಕ್ಕಿಕೊಂಡೆವು. ಎಷ್ಟು ತಿಂಗಳಿಗೆ? ಅವರಿಗೆ ಗೊತ್ತಿರಲಿಲ್ಲ. ಕಂಪ್ಯೂಟರಿನಲ್ಲೇ ಜೀವನ ಕಳೆದವರು ಮನೆಯ ಲೆಕ್ಕದ ಹಾಳೆ ತೆರೆಯಲು ಹೆದರಿ ಐದು ತಿಂಗಳು ಕಳೆದಿದ್ದರು. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ದುಡಿದ ವರ್ಷಗಳ ಲೆಕ್ಕದಲ್ಲಿ ಸಿಗುವ ಹಣ, ಬಂತಾ ಅಂತ ಕೇಳಿದೆ. ‘ಆ ಮೂರು ತಿಂಗಳ ಸಂಬಳದಲ್ಲೇ ಸೇರಿರಬೇಕು’ ಅಂದರು. ಸೇರಿರಬಾರದು. ಐದು ವರ್ಷ ದಾಟಿದವರಿಗೆ ಅದು ಕಾನೂನಿನ ಪ್ರಕಾರ ಬರಬೇಕಾದ ಹಣ, ಕಂಪನಿ ಕೊಡುವ ಉಡುಗೊರೆ ಅಲ್ಲ. ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ 26 ದಿನ ಅಂತ ಲೆಕ್ಕ. ಮೂಲ ವೇತನ 60,000 ಇದ್ದವರಿಗೆ 11 ವರ್ಷಕ್ಕೆ ಸುಮಾರು 3,80,000 ರೂಪಾಯಿ ಆಗುತ್ತದೆ. ಇಷ್ಟು ದೊಡ್ಡ ಮೊತ್ತವನ್ನು ನಾಚಿಕೆಯಿಂದ ಕೇಳದೇ ಬಿಟ್ಟಿದ್ದರು. ‘ಹೊರಗೆ ಹಾಕಿದವರ ಬಾಗಿಲಿಗೆ ಮತ್ತೆ ಯಾಕೆ ಹೋಗಲಿ’ ಅಂದರು. ಇಂಥ ಸ್ವಾಭಿಮಾನದ ಬಗ್ಗೆ ನನಗೆ ತಾಳ್ಮೆ ಕಡಿಮೆ.

ಆಗ ಇನ್ನೊಂದು ವಿಷಯ ಹೊರಬಂತು. ಅಮ್ಮನಿಗೆ 68 ವರ್ಷ. ಒಂದು ಕಣ್ಣಿಗೆ ಪೊರೆ ಬಂದಿದೆ. ದೀಪಾವಳಿ ಕಳೆದ ಮೇಲೆ ಬೆಂಗಳೂರಿಗೆ ಬಂದು ‘ಮಗನ ಕಂಪನಿ ಇನ್ಶೂರೆನ್ಸಿನಲ್ಲಿ’ ಆಪರೇಷನ್ ಮಾಡಿಸಿಕೊಳ್ಳುವುದು ಅಂತ ಮಾತಾಗಿದೆ. ಕೆಲಸ ಹೋದ ದಿನವೇ ಆ ವಿಮೆಯೂ ಮುಗಿದಿತ್ತು. ಅಮ್ಮ ಊರಲ್ಲಿ ದಿನ ಎಣಿಸುತ್ತಿದ್ದರು.

ನಾನು ಸಲಹೆ ಕೊಟ್ಟೆ. ‘ಈ ವಾರ ಊರಿಗೆ ಹೋಗಿ. ಫೋನಿನಲ್ಲಿ ಬೇಡ, ಎದುರಿಗೆ ಕೂತು ಹೇಳಿ. ಹೋಗುವ ಮೊದಲು ಮಗಳಿಗೆ ಹೇಳಿ.’

ಆಪ್ತಸಲಹೆಗಾರರು ಹೀಗೆ ನೇರವಾಗಿ ಹೇಳಬಾರದು, ಬಂದವರೇ ದಾರಿ ಕಂಡುಕೊಳ್ಳಬೇಕು ಅಂತ ನಮಗೆ ಪಾಠ. ನಂತರ ಸಹೋದ್ಯೋಗಿಯೊಬ್ಬರು ಇದನ್ನೇ ಎತ್ತಿ ಆಡಿದರು. ಇರಬಹುದು. ಆದರೆ ದಾರಿ ಕಂಡುಕೊಳ್ಳಲಿ ಅಂತ ಕಾಯುವುದಕ್ಕೂ ಒಂದು ಕಾಲ ಇದೆ, ಅಲ್ವಾ? ಮುಗಿದುಹೋದ ವಿಮೆ ನಂಬಿ ಒಬ್ಬರು ಆಸ್ಪತ್ರೆಗೆ ಹೊರಡುವವರೆಗೂ ಕಾಯಲು ನನಗಾಗುವುದಿಲ್ಲ. ಇನ್ನೊಂದು ಮಾತು. ಈ ವಯಸ್ಸಿನವರಿಗೆ ಕೆಲಸ ಸಿಗುವುದು ಹೆಚ್ಚಾಗಿ ಗುರುತಿನವರ ಮೂಲಕವೇ. ಹಳೆಯ ತಂಡದವರು, ಕಾಲೇಜಿನ ಜೊತೆಯವರು, ಅವರ ಭಾವಮೈದುನರು. ಗುರುತಿನವರೆಲ್ಲರಿಂದ ಬಚ್ಚಿಟ್ಟು, ಗುರುತಿಲ್ಲದ ಇಪ್ಪತ್ತು ಕಂಪನಿಗೆ ದಿನಾ ಅರ್ಜಿ ಹಾಕುವುದನ್ನು ನಾನು ಹುಡುಕಾಟ ಅಂತ ಒಪ್ಪುವುದಿಲ್ಲ.

ಎಲ್ಲರಿಗೂ ಇದೇ ಸಲಹೆ ಕೊಡುತ್ತೇನೆ ಅಂತಲ್ಲ. ಹೇಳಿದರೆ ಹೊಡೆತ ಬೀಳುವ ಮನೆಗಳಿವೆ. ಸಾಯುವ ಮಾತಾಡುವವರಿಗೆ ಮೊದಲು ಬೇಕಾದದ್ದು ಬೇರೆ. ಅಂಥವರನ್ನು ನಾನು ಒಂಟಿಯಾಗಿ ಮನೆಗೆ ಕಳಿಸುವುದಿಲ್ಲ, ಡಾಕ್ಟರ ಹತ್ತಿರ ಕಳಿಸುತ್ತೇನೆ. ಮಧ್ಯರಾತ್ರಿ ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಊರಿಗೆ ಹೋಗುವ ಮೊದಲು ಒಂದು ಕೆಲಸ ಕೊಟ್ಟಿದ್ದೆ. ಐದು ದಿನ, ದಿನಕ್ಕೆ 20 ನಿಮಿಷ, ಕೆಲಸ ಹೋದದ್ದರ ಬಗ್ಗೆ ಮನಸ್ಸಿಗೆ ಬಂದದ್ದನ್ನೆಲ್ಲ ಬರೆಯುವುದು. ಯಾರಿಗೂ ತೋರಿಸಬೇಕಿಲ್ಲ, ನನಗೂ. ಇದು ನನ್ನ ಕಲ್ಪನೆಯಲ್ಲ. ಅಮೆರಿಕದ ಡಲ್ಲಾಸಿನಲ್ಲಿ ಕೆಲಸ ಕಳೆದುಕೊಂಡ ಎಂಜಿನಿಯರುಗಳ ಮೇಲೆ ಇಂಥ ಅಧ್ಯಯನ ನಡೆದು, 1994ರಲ್ಲಿ ಪ್ರಕಟವಾಯಿತು. ಹೀಗೆ ಬರೆದವರಿಗೆ ಉಳಿದವರಿಗಿಂತ ಬೇಗ ಕೆಲಸ ಸಿಕ್ಕಿತ್ತು. ಸ್ವಾರಸ್ಯ ಏನೆಂದರೆ, ಅವರೇನೂ ಜಾಸ್ತಿ ಇಂಟರ್‌ವ್ಯೂಗೆ ಹೋಗಿರಲಿಲ್ಲ. ಸಿಟ್ಟು ಕಾಗದದ ಮೇಲೆ ಇಳಿದದ್ದರಿಂದ ಇಂಟರ್‌ವ್ಯೂನಲ್ಲಿ ಉಕ್ಕಲಿಲ್ಲ ಅಂತ ಕಾಣುತ್ತದೆ. ಮಂಜುನಾಥ ಎರಡು ದಿನ ಇಂಗ್ಲಿಷಿನಲ್ಲಿ ಬರೆದರಂತೆ. ಮೂರನೇ ದಿನ ಪೆನ್ನು ತಾನಾಗಿ ಕನ್ನಡಕ್ಕೆ ತಿರುಗಿತು, ಬೈಗುಳ ಸಮೇತ.

ಮಗಳಿಗೆ ಹೇಳಿದಾಗ ಅವಳು, ‘ಗೊತ್ತಿತ್ತು ಅಪ್ಪ. ನಿನ್ನ ಹೆಡ್‌ಫೋನ್ ಚಾರ್ಜೇ ಇರ್ತಿರ್ಲಿಲ್ಲ’ ಅಂದಳಂತೆ.

ಅಮ್ಮ ಅಷ್ಟು ಸುಲಭವಾಗಲಿಲ್ಲ. ಪೂರ್ತಿ ಕೇಳಿಸಿಕೊಂಡು, ಎಷ್ಟು ತಿಂಗಳಾಯಿತು ಅಂದರು. ಐದು ಅಂದರು ಇವರು. ‘ಹಾಗಾದ್ರೆ ಗೌರಿ ಹಬ್ಬಕ್ಕೆ ನಿನ್ನ ತಂಗಿಗೆ ಕೊಟ್ಟ ಐದು ಸಾವಿರ ಎಲ್ಲಿಂದ ತಂದೆ?’ ಅಂತ ಕೇಳಿದರು. ಅದಕ್ಕೇ ಅತ್ತರು. ಆಪರೇಷನ್ ಮಾತು ಬಂದಾಗ, ‘ಇನ್ನೊಂದು ಕಣ್ಣು ಕಾಣುತ್ತಲ್ಲ ಬಿಡು’ ಅಂದು ಒಳಗೆ ಹೋದರು.

ನನ್ನ ತಪ್ಪು ಇನ್ನು ಮುಂದಿನದು. ಮುಂದಿನ ಭೇಟಿಗೆ ಮಂಜುನಾಥ ಸಿಟ್ಟಿನಲ್ಲೇ ಬಂದರು, ಕೂರಲಿಲ್ಲ. ಅಮ್ಮ ಹಿರಿಮಗನಿಗೆ ಹೇಳಿದ್ದರು. ಆ ಅಣ್ಣ ಮೂರು ವರ್ಷದ ಹಿಂದೆ ಬೋರ್‌ವೆಲ್‌ಗೆ ಅಂತ ಇವರಿಂದ ದುಡ್ಡು ತೆಗೆದುಕೊಂಡಿದ್ದರು. ತಮ್ಮ ಬಂದು ಕಷ್ಟ ಹೇಳಿದ್ದು ಆ ದುಡ್ಡು ವಾಪಸ್ ಕೇಳಲಿಕ್ಕೇ ಅಂತ ಅವರು ತಿಳಿದರು. ಮಾತಿಗೆ ಮಾತು ಬೆಳೆಯಿತು. ಸಂತೆ ದಿನ ಅಂಗಡಿ ಮುಂದೆ ನಿಂತು, ‘ಇವನನ್ನ ಕಂಪನಿಯಿಂದ ತೆಗೆದವ್ರೆ’ ಅಂತ ಅಣ್ಣನೇ ನಾಲ್ಕು ಜನರ ಮುಂದೆ ಅಂದರಂತೆ. ಅದೇ ಪದ.

‘ನಿಮ್ಮ ಮಾತು ಕೇಳಿ ಹೋಗಿದ್ದೆ’ ಅಂದರು ಮಂಜುನಾಥ.

ಸಮರ್ಥಿಸಿಕೊಳ್ಳಲು ಬಾಯಿ ತೆರೆದೆ, ಮುಚ್ಚಿದೆ. ಅಮ್ಮನ ಬಗ್ಗೆ ಅಷ್ಟೆಲ್ಲ ಕೇಳಿದವಳು ಅಣ್ಣ ತಮ್ಮಂದಿರ ಮಧ್ಯೆ ಹಣದ ವ್ಯವಹಾರ ಇದೆಯಾ ಅಂತ ಒಂದು ಪ್ರಶ್ನೆ ಕೇಳಿರಲಿಲ್ಲ. ಮನೆಯವರಿಗೆ ಹೇಳಿ ಅನ್ನುವುದು ಸುಲಭ. ಹೇಳಿದ ಮಾತು ಅಲ್ಲಿಂದ ಮುಂದೆ ಯಾರ ಕಿವಿಗೆ ಹೋಗುತ್ತದೆ, ಅವರ ಹತ್ತಿರ ಯಾವ ಹಳೆಯ ಲೆಕ್ಕ ಇದೆ ಅಂತ ಮೊದಲೇ ಕೇಳಬೇಕಿತ್ತು. ಅದನ್ನೇ ಅವರಿಗೆ ಹೇಳಿ, ಕ್ಷಮೆ ಕೇಳಿದೆ. ಆಗ ಕೂತರು. ಈಗ ಇಂಥ ಯಾರೇ ಬಂದರೂ ಒಂದು ಹಾಳೆಯ ಮೇಲೆ ಸಂಬಂಧಿಕರ ಹೆಸರು ಬರೆಸಿ, ಯಾರಿಗೆ ಯಾರು ಎಷ್ಟು ಕೊಡಬೇಕು ಅಂತ ಕೇಳಿಯೇ ಮುಂದಿನ ಮಾತು.

ಆದರೂ ಸಲಹೆ ತಪ್ಪಿತ್ತು ಅಂತ ನನಗೆ ಅನಿಸಿಲ್ಲ. ಕೊಟ್ಟ ರೀತಿಯಲ್ಲಿ ಅವಸರ ಇತ್ತು.

ಆಮೇಲಿನದು ನಿಧಾನವಾಗಿ ನಡೆಯಿತು. ಗ್ರಾಚ್ಯುಟಿಗೆ ಪತ್ರ ಬರೆದರು, ಎರಡು ಸಲ ನೆನಪಿಸಿದ ಮೇಲೆ ಬಂತು. ರಾತ್ರಿ ಅರ್ಜಿ ಹಾಕುವುದು ನಿಂತಿತು. ಬೆಳಿಗ್ಗೆ ಮೂರು ಗಂಟೆ ಮಾತ್ರ ಹುಡುಕಾಟ, ಅದರಲ್ಲಿ ಅರ್ಧ ಹೊತ್ತು ಗುರುತಿನವರಿಗೆ ಫೋನು. ‘ಕೆಲಸ ಕೊಡಿಸ್ತೀವಿ, ರಿಜಿಸ್ಟ್ರೇಷನ್‌ಗೆ ಇಷ್ಟು ಕಟ್ಟಿ’ ಅಂದವರಿಗೆ ಒಮ್ಮೆ ಕಟ್ಟಲು ಹೊರಟಿದ್ದರು, ಹೆಂಡತಿ ತಡೆದರು. ಎಂಟನೇ ತಿಂಗಳಿನಲ್ಲಿ ಹಳೆಯ ತಂಡದ ಹುಡುಗಿಯೊಬ್ಬಳು ಹೇಳಿದ ಕಡೆ ಇಂಟರ್‌ವ್ಯೂ ಆಯಿತು. ಯಾಕೆ ಬಿಟ್ರಿ ಅಂತ ಅಲ್ಲೂ ಕೇಳಿದರು. ಅರ್ಧ ನಿಮಿಷದಲ್ಲಿ ಉತ್ತರ ಮುಗಿಯಿತು, ಅವರು ಮುಂದಿನ ಪ್ರಶ್ನೆಗೆ ಹೋದರು. ಆರು ತಿಂಗಳ ಕಾಂಟ್ರ್ಯಾಕ್ಟ್, ಸಂಬಳ ಮೊದಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಆಮೇಲೇನು ಅಂತ ಅವರಿಗೂ ಗೊತ್ತಿಲ್ಲ.

ಅಮ್ಮನ ಕಣ್ಣಿನ ಆಪರೇಷನ್ ಒಂದು ಉಚಿತ ಶಿಬಿರದಲ್ಲಿ ಆಯಿತು. ಅಣ್ಣನೇ ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಬಂದರಂತೆ. ತಮ್ಮನ ಜೊತೆ ಇನ್ನೂ ಮಾತಿಲ್ಲ. ಭಾನುವಾರ ಅಮ್ಮ ಫೋನ್ ಮಾಡಿದಾಗ ಮೊದಲೆಲ್ಲ ‘ಊಟ ಆಯ್ತಾ’ ಅನ್ನುತ್ತಿದ್ದರು. ಈಗ ‘ಕೆಲಸ ಇದ್ಯಾ’ ಅಂತ ಕೇಳಿ, ಆಮೇಲೆ ಊಟ ಕೇಳುತ್ತಾರೆ.