ಕಂಬಳದ ಅನುದಾನದ ಅರ್ಜಿ ವಾಪಸ್ ಬಂದಿದ್ದಕ್ಕೆ

ನಿಮ್ಮ ಕಂಬಳ ಸಮಿತಿಯ ಅನುದಾನದ ಅರ್ಜಿ ಯಾಕೆ ವಾಪಸ್ ಬಂತು ಅಂತ ಕೇಳಿದ್ದೀರಿ. ಸಮಿತಿ ಅಧ್ಯಕ್ಷರ ಹೆಸರಲ್ಲೇ ಅರ್ಜಿ ಹಾಕಿದ್ದೀರಿ ಅಂದಿರಲ್ಲ, ಬಹುಶಃ ಅದೇ ಕಾರಣ. ಅನುದಾನ ಸಾಮಾನ್ಯವಾಗಿ ನೋಂದಾಯಿತ ಸಂಸ್ಥೆಯ ಖಾತೆಗೆ ಬರುತ್ತದೆ, ವ್ಯಕ್ತಿಯ ಖಾತೆಗಲ್ಲ. ನಮ್ಮದೂ ಒಮ್ಮೆ ಹೀಗೇ ತಿರುಗಿ ಬಂದಿತ್ತು.

ಮೊದಲು ಸಮಿತಿಯನ್ನು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿ. ಆಮೇಲೆ ಅದರ ಹೆಸರಲ್ಲೇ ಪ್ಯಾನ್, ಬ್ಯಾಂಕ್ ಖಾತೆ ಮಾಡಿಸಿ. ಜಿಲ್ಲಾಡಳಿತದ ಅನುಮತಿ ಪತ್ರವನ್ನೂ ಲಗತ್ತಿಸಿ. ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ರಾಜ್ಯ ತಂದ, ಕಂಬಳಕ್ಕೆ ಅವಕಾಶ ಕೊಟ್ಟ ತಿದ್ದುಪಡಿಯನ್ನು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ ನಿಜ, ಆದರೆ ಕೋಣಗಳಿಗೆ ಹಿಂಸೆ ಆಗಬಾರದೆಂಬ ಷರತ್ತು ಹಾಗೇ ಇದೆ.

ಅಂದಾಜು ಪಟ್ಟಿಯಲ್ಲಿ ಕರೆ (ಕೋಣ ಓಡುವ ಕೆಸರಿನ ಓಟದ ಜಾಗ) ಸಿದ್ಧತೆ, ದೀಪ, ಪಶುವೈದ್ಯರ ಖರ್ಚು ಬೇರೆಬೇರೆ ತೋರಿಸಿ. ಸುಮ್ನೆ ‘ಇತರೆ’ ಅಂತ ದೊಡ್ಡ ಮೊತ್ತ ಬರೆದರೆ ಪ್ರಶ್ನೆ ಜಾಸ್ತಿ. ವಾಪಸ್ ಬಂದ ಪತ್ರದ ಸಂಖ್ಯೆಯನ್ನು ಹೊಸ ಅರ್ಜಿಯಲ್ಲಿ ಬರೆಯಿರಿ.