ಲಾಗಿನ್ ಎಲ್ಲಿ ನಿಂತಿತು? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಬಹುಪಾಲು ಎಸ್‌ಎಸ್‌ಎಚ್ ಲಾಗಿನ್‌ಗೆ ಸಂಬಂಧಿಸಿದವು, ಅಂದರೆ ದೂರದ ಯಂತ್ರವನ್ನು ನೆಟ್‌ವರ್ಕ್ ಮೂಲಕ ಸುರಕ್ಷಿತವಾಗಿ ಹೊಕ್ಕು ಆದೇಶ ಕೊಡುವ ವಿಧಾನಕ್ಕೆ. ತೊಂದರೆ ಒಬ್ಬೊಬ್ಬರಿಗೆ ಒಂದೊಂದು ಥರ ಕಂಡಿದೆ. ಆದರೆ ಮೊದಲು ನೋಡಬೇಕಾದದ್ದು ಎಲ್ಲರಿಗೂ ಒಂದೇ: ನಿಮ್ಮ ಕಂಪ್ಯೂಟರು ಯಾವ ಬಗೆಯ ಐಪಿ ವಿಳಾಸಕ್ಕೆ ಹೋಗಲು ನೋಡುತ್ತಿದೆ? ಚುಕ್ಕೆಗಳಿಂದ ಬಿಡಿಸಿದ ಹಳೆಯ ಐಪಿವಿ4ಕ್ಕೋ, ಕೋಲನ್‌ಗಳಿಂದ ಬಿಡಿಸಿದ ಉದ್ದನೆಯ ಹೊಸ ಐಪಿವಿ6ಕ್ಕೋ? ಪಾಸ್‌ವರ್ಡು, ಕೀ (ಪಾಸ್‌ವರ್ಡ್ ಬದಲು ಬಳಸುವ ಗುರುತಿನ ಕಡತ) ಬದಲಾಯಿಸುವುದಕ್ಕೆ ಕೈ ಹಾಕುವ ಮುಂಚೆ ಇದನ್ನು ಪತ್ತೆ ಮಾಡಿ. ಆದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು; ದೊಡ್ಡಕ್ಷರ ಎಂದು ಹೇಳದ ಕಡೆ ಚಿಕ್ಕಕ್ಷರವೇ.

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟವಿದೆ. ಪಂಪ್‌ಹೌಸ್‌ನಲ್ಲಿ ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟು ಕೆರೆಯ ನೀರಿನ ಮಟ್ಟ ನೋಡುತ್ತೇವೆ. ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಹಾಕುವಾಗ ಇದು ಬೇಕೇ ಬೇಕು. ತೋಟದ ವೈಫೈನಲ್ಲಿದ್ದರೆ 192.168.1.20ಕ್ಕೆ ಲಾಗಿನ್ ಆಗುತ್ತದೆ. ಚಿಕ್ಕಮಗಳೂರಿನ ಮನೆಯಿಂದ ಮಾಡಿದರೆ ‘ಕನೆಕ್ಷನ್ ಟೈಮ್ಡ್ ಔಟ್’. ರೌಟರ್‌ನಲ್ಲಿ 22ನೇ ಪೋರ್ಟ್ (ಎಸ್‌ಎಸ್‌ಎಚ್‌ನ ಬಾಗಿಲು) ಪೈಗೆ ಫಾರ್ವರ್ಡ್ ಮಾಡಿಯೂ ಆಯಿತು. ರೌಟರ್ ಪುಟದಲ್ಲಿ ವ್ಯಾನ್ (ಹೊರಬದಿಯ) ವಿಳಾಸ 100.72 ಎಂದು ಶುರುವಾಗುತ್ತದೆ.
ಮೂಡಿಗೆರೆಯ ಓದುಗರು

ಉತ್ತರ: ಕೊನೆಯ ಸಾಲಿನಲ್ಲಿ ನೀವೇ ಕಾರಣ ಬರೆದಿದ್ದೀರಿ. 100.64.0.0ರಿಂದ 100.127.255.255ರವರೆಗಿನ ವಿಳಾಸಗಳನ್ನು 2012ರಲ್ಲಿ ಇಂಟರ್ನೆಟ್ ಕಂಪನಿಗಳ ಒಳಬಳಕೆಗೆಂದು ತೆಗೆದಿರಿಸಲಾಯಿತು. ಐಪಿವಿ4 ವಿಳಾಸ ಸಾಲದೆ, ನೂರಾರು ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುವ ಈ ಏರ್ಪಾಡಿಗೆ ಸಿಜಿನ್ಯಾಟ್ ಎನ್ನುತ್ತಾರೆ. ಹೊರಗಿನಿಂದ ಬಂದ ಕರೆ ನಿಮ್ಮ ರೌಟರನ್ನು ಮುಟ್ಟುವುದೇ ಇಲ್ಲ, ಹಾಗಾಗಿ ರೌಟರ್‌ನಲ್ಲಿ ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ ವ್ಯರ್ಥ. ವ್ಯಾನ್ ವಿಳಾಸ 10ರಿಂದ, 192.168ರಿಂದ ಅಥವಾ 172.16ರಿಂದ 172.31ರೊಳಗೆ ಶುರುವಾಗಿದ್ದರೂ ಕಥೆ ಇದೇ. ‘ನನ್ನ ಐಪಿ ಯಾವುದು’ ಎಂದು ತೋರಿಸುವ ಯಾವುದೇ ತಾಣ ಕೊಡುವ ಐಪಿವಿ4 ಸಂಖ್ಯೆಯನ್ನು ವ್ಯಾನ್ ವಿಳಾಸದೊಂದಿಗೆ ತಾಳೆ ನೋಡಿ. ಎರಡೂ ಬೇರೆಯಾದರೆ ಅನುಮಾನವೇ ಬೇಡ.

ದಾರಿ ಮೂರಿವೆ. ಕಂಪನಿಯಿಂದ ಸ್ಟ್ಯಾಟಿಕ್ (ಬದಲಾಗದ, ಸಾರ್ವಜನಿಕ) ಐಪಿ ಕೇಳಿ ಪಡೆಯಬಹುದು, ಬೇರೆ ಶುಲ್ಕವಿರುತ್ತದೆ. ಎರಡನೆಯದು ಐಪಿವಿ6. ಪೈಯಲ್ಲಿ ‘ಐಪಿ -6 ಎಡಿಡಿಆರ್’ ಕೊಟ್ಟಾಗ 2ರಿಂದ ಶುರುವಾಗುವ ಉದ್ದನೆಯ ವಿಳಾಸ ಕಂಡರೆ ಅದು ನೇರ ಸಾರ್ವಜನಿಕ ವಿಳಾಸ. ಇಲ್ಲಿ ಪೋರ್ಟ್ ಫಾರ್ವರ್ಡಿಂಗ್ ಎಂಬುದಿಲ್ಲ; ರೌಟರ್‌ನ ಐಪಿವಿ6 ಫೈರ್‌ವಾಲ್‌ನಲ್ಲಿ ಆ ಒಂದು ವಿಳಾಸದ 22ನೇ ಪೋರ್ಟಿಗೆ ಒಳಬರಲು ಅನುಮತಿ ಕೊಡಬೇಕು. ಚಿಕ್ಕಮಗಳೂರಿನ ಮನೆಯಲ್ಲೂ ಐಪಿವಿ6 ಇರಬೇಕು. ಕರೆಂಟ್ ಹೋಗಿ ಬಂದಾಗ ವಿಳಾಸದ ಮುಂಭಾಗ ಬದಲಾಗಬಹುದು, ಅದಕ್ಕೆ ಬದಲಾದ ವಿಳಾಸವನ್ನು ಒಂದೇ ಹೆಸರಿಗೆ ಜೋಡಿಸುತ್ತಿರುವ ಡೈನಮಿಕ್ ಡಿಎನ್‌ಎಸ್ ಬೇಕು. ಅದನ್ನು ರೌಟರ್‌ನಲ್ಲಲ್ಲ, ಪೈಯಲ್ಲೇ ಓಡಿಸಿ. ಐಪಿವಿ6ನಲ್ಲಿ ರೌಟರ್ ವಿಳಾಸ ಬೇರೆ, ಪೈ ವಿಳಾಸ ಬೇರೆ.

ಮಳೆಗಾಲದಲ್ಲಿ ಲೈನ್ ಪದೇ ಪದೇ ಕಡಿಯುವ ಮಲೆನಾಡಿನ ತೋಟಕ್ಕೆ ನಾವು ಹೇಳುವುದು ಮೂರನೆಯ ದಾರಿ, ರಿವರ್ಸ್ ಟನಲ್. ಸಾರ್ವಜನಿಕ ವಿಳಾಸವಿರುವ ಸಣ್ಣ ಬಾಡಿಗೆ ಸರ್ವರ್ ಒಂದಿರಲಿ. ಪೈ ತಾನೇ ಅದಕ್ಕೆ ಸಂಪರ್ಕ ಹಿಡಿದಿರುತ್ತದೆ: ‘ಎಸ್‌ಎಸ್‌ಎಚ್ -ಎನ್ -ಆರ್ 2222:ಲೋಕಲ್‌ಹೋಸ್ಟ್:22 ಟನಲ್@ಸರ್ವರ್’. ಎನ್, ಆರ್ ಎರಡೂ ದೊಡ್ಡಕ್ಷರ. ಮನೆಯಿಂದ ‘ಎಸ್‌ಎಸ್‌ಎಚ್ -ಜೆ ಬಳಕೆದಾರ@ಸರ್ವರ್ -ಪಿ 2222 ಪೈ@ಲೋಕಲ್‌ಹೋಸ್ಟ್’ ಎಂದರೆ ತೋಟದ ಪೈಗೆ ಹೋಗುತ್ತೀರಿ. ಇಲ್ಲಿ ಜೆ ದೊಡ್ಡದು, ಪಿ ಚಿಕ್ಕದು. 2222 ಸರ್ವರ್‌ನ ಒಳಗಡೆಗೆ ಮಾತ್ರ ತೆರೆದಿರುವುದರಿಂದ ಸರ್ವರ್‌ನ ಫೈರ್‌ವಾಲ್‌ನಲ್ಲಿ ಅದನ್ನು ತೆರೆಯುವ ಅಗತ್ಯವಿಲ್ಲ, ತೆರೆಯಲೂ ಬೇಡಿ. ‘ಟನಲ್’ ಎಂಬ ಬಳಕೆದಾರನಿಗೆ ಶೆಲ್ (ಆದೇಶ ಓಡಿಸುವ ಪ್ರೋಗ್ರಾಮ್) ಆಗಿ, ಯಾವ ಆದೇಶವನ್ನೂ ಓಡಿಸಗೊಡದ ನೋಲಾಗಿನ್ ಕೊಡಿ. ಪಂಪ್‌ಹೌಸ್‌ನಿಂದ ಪೈಯನ್ನು ಯಾರಾದರೂ ಎತ್ತಿಕೊಂಡು ಹೋದರೂ ಸರ್ವರ್‌ನಲ್ಲಿ ಆದೇಶ ಓಡಿಸಲು ಅವರಿಗೆ ಆಗದು.

ಟನಲ್ ಒಂದು ಸಲ ಕಟ್ಟುವುದು ಸುಲಭ, ಅದು ತಾನಾಗಿ ಮತ್ತೆ ಎದ್ದು ನಿಲ್ಲುವಂತೆ ಮಾಡುವುದರಲ್ಲೇ ಹೆಚ್ಚಿನವರು ಸೋಲುವುದು. ಪೈಯಲ್ಲಿ ಸರ್ವರ್‌ಅಲೈವ್‌ಇಂಟರ್‌ವಲ್ 30, ಸರ್ವರ್‌ಅಲೈವ್‌ಕೌಂಟ್‌ಮ್ಯಾಕ್ಸ್ 3, ಎಕ್ಸಿಟ್‌ಆನ್‌ಫಾರ್ವರ್ಡ್‌ಫೇಲ್ಯೂರ್ ಯೆಸ್ ಎಂದು ಹಾಕಿ, ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಹಿನ್ನೆಲೆಯ ಕೆಲಸಗಳನ್ನು ನಡೆಸುವ ವ್ಯವಸ್ಥೆ) ಸೇವೆಯಾಗಿ ಓಡಿಸಿ. ರೀಸ್ಟಾರ್ಟ್ ಆಲ್ವೇಸ್, ನಡುವೆ 10 ಸೆಕೆಂಡ್ ಬಿಡುವು. ಲೈನ್ ಸತ್ತದ್ದು ಸುಮಾರು 90 ಸೆಕೆಂಡಿಗೆ ಪೈಗೆ ಗೊತ್ತಾಗುತ್ತದೆ. ಆದರೆ ಸರ್ವರ್‌ಗೆ ಗೊತ್ತಾಗಬೇಕಲ್ಲ? ಕರೆಂಟ್ ಹೋಗಿ ಪೈ ಆಫ್ ಆದರೂ ಸರ್ವರ್ ಹಳೆಯ ಸಂಪರ್ಕ ಇನ್ನೂ ಇದೆ ಎಂದುಕೊಂಡು 2222ನ್ನು ಹಿಡಿದೇ ಇರುತ್ತದೆ. ಪೈ ವಾಪಸ್ ಬಂದು ಕೇಳಿದಾಗ ‘ರಿಮೋಟ್ ಪೋರ್ಟ್ ಫಾರ್ವರ್ಡಿಂಗ್ ಫೇಲ್ಡ್’ ಎನ್ನುತ್ತದೆ. ಸರ್ವರ್‌ನ ಎಸ್‌ಎಸ್‌ಎಚ್‌ಡಿ ಕಾನ್ಫಿಗ್‌ನಲ್ಲಿ ಕ್ಲೈಂಟ್‌ಅಲೈವ್‌ಇಂಟರ್‌ವಲ್ 30, ಕ್ಲೈಂಟ್‌ಅಲೈವ್‌ಕೌಂಟ್‌ಮ್ಯಾಕ್ಸ್ 3 ಹಾಕಿದರೆ ಅದೂ ಒಂದೂವರೆ ನಿಮಿಷದಲ್ಲಿ ಬಿಟ್ಟುಕೊಡುತ್ತದೆ. ಈ ಎರಡನೆಯ ಭಾಗವನ್ನು ಮರೆಯಬೇಡಿ.

ಪ್ರಶ್ನೆ: ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆಂದು ಕ್ಲೌಡ್ ಸರ್ವರ್ ತೆಗೆದುಕೊಂಡು ಡೊಮೇನ್ ಹೆಸರನ್ನೂ ಕೊಟ್ಟಿದ್ದೇನೆ. ಕಾಲೇಜಿನ ವೈಫೈನಲ್ಲಿ ತಕ್ಷಣ ಲಾಗಿನ್ ಆಗುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಎರಡು ನಿಮಿಷ ಸುಮ್ಮನೆ ನಿಂತು, ಆಮೇಲೆ ಪಾಸ್‌ವರ್ಡ್ ಕೇಳುತ್ತದೆ. ನೆಟ್‌ವರ್ಕ್ ನಿಧಾನವೇ?
ಹಾಸನದ ವಿದ್ಯಾರ್ಥಿ

ಉತ್ತರ: ನೆಟ್‌ವರ್ಕ್ ನಿಧಾನವಿಲ್ಲ. ‘ಎಸ್‌ಎಸ್‌ಎಚ್ -ವಿ’ ಎಂದು ಸೇರಿಸಿ ಓಡಿಸಿ, ‘ಕನೆಕ್ಟಿಂಗ್ ಟು’ ಎಂಬ ಸಾಲಿನಲ್ಲಿ ಚೌಕಾವರಣದೊಳಗೆ ಬರುವ ವಿಳಾಸ ನೋಡಿ. ಮೊದಲ ಸಾಲಿನಲ್ಲಿ ಐಪಿವಿ6, ಎರಡು ನಿಮಿಷದ ನಂತರ ಐಪಿವಿ4 ಕಾಣುತ್ತದೆ ಎಂದು ನಮ್ಮ ಊಹೆ. ನಿಮ್ಮ ಡೊಮೇನ್‌ಗೆ ಐಪಿವಿ4, ಐಪಿವಿ6 ಎರಡರ ದಾಖಲೆಗಳೂ ಇವೆ. ಕಾಲೇಜಿನಲ್ಲಿ ಐಪಿವಿ4 ಮಾತ್ರ ಇದ್ದಿರಬೇಕು. ಮೊಬೈಲ್‌ನಲ್ಲಿ ಐಪಿವಿ6 ಸಿಗುವುದರಿಂದ ಅದಕ್ಕೇ ಮೊದಲ ಮಣೆ. ಬ್ರೌಸರ್‌ಗಳು ಎರಡನ್ನೂ ಹೆಚ್ಚುಕಡಿಮೆ ಒಟ್ಟಿಗೇ ಪ್ರಯತ್ನಿಸಿ ಮೊದಲು ಸಿಕ್ಕಿದ್ದನ್ನು ಹಿಡಿಯುತ್ತವೆ. ಎಸ್‌ಎಸ್‌ಎಚ್ ಹಾಗಲ್ಲ, ಒಂದು ಪೂರ್ತಿ ಸೋತ ಮೇಲೇ ಇನ್ನೊಂದು. ಲಿನಕ್ಸ್‌ನಲ್ಲಿ ಆ ಸೋಲಿಗೆ ಎರಡು ನಿಮಿಷಕ್ಕಿಂತ ತುಸು ಹೆಚ್ಚೇ ಹಿಡಿಯುತ್ತದೆ.

‘ಎಸ್‌ಎಸ್‌ಎಚ್ -4’, ‘ಎಸ್‌ಎಸ್‌ಎಚ್ -6’ ಎಂದು ಬೇರೆ ಬೇರೆಯಾಗಿ ಓಡಿಸಿ ಖಚಿತಪಡಿಸಿಕೊಳ್ಳಿ. -6 ಕೊಟ್ಟಾಗ ‘ಕನೆಕ್ಷನ್ ರೆಫ್ಯೂಸ್ಡ್’ ಎಂದು ತಕ್ಷಣ ಬಂದರೆ ಸಾಮಾನ್ಯವಾಗಿ ನಿಮ್ಮ ಕರೆ ಸರ್ವರ್‌ವರೆಗೂ ಹೋಗಿದೆ, ಅಲ್ಲಿ ಕೇಳುವವರಿಲ್ಲ. ಸರ್ವರ್‌ನಲ್ಲಿ ‘ಎಸ್‌ಎಸ್ -ಟಿಎಲ್‌ಎನ್’ ಕೊಡಿ. 0.0.0.0:22 ಒಂದೇ ಇದ್ದು [::]:22 ಇಲ್ಲದಿದ್ದರೆ ಕಾನ್ಫಿಗ್‌ನಲ್ಲಿ ಅಡ್ರೆಸ್‌ಫ್ಯಾಮಿಲಿ ಇನೆಟ್ ಎಂದೋ, ಲಿಸನ್‌ಅಡ್ರೆಸ್ ಆಗಿ ಐಪಿವಿ4 ಮಾತ್ರವೋ ಇರುತ್ತದೆ. ನಿಮ್ಮಂತೆ ಕಾದು ಕಾದು ಸೋತರೆ ಅದು ಫೈರ್‌ವಾಲ್ ನುಂಗಿದ ಲಕ್ಷಣ. ಕ್ಲೌಡ್‌ನ ನಿಯಮಪಟ್ಟಿಯಲ್ಲಿ 0.0.0.0/0 ಎಂದು ಬರೆದದ್ದು ಐಪಿವಿ4ಗೆ ಮಾತ್ರ ಅನ್ವಯ. ಐಪಿವಿ6ಗೆ ::/0 ಎಂದು ಇನ್ನೊಂದು ಸಾಲು ಬೇಕು. ಸರ್ವರ್‌ನೊಳಗೂ ಫೈರ್‌ವಾಲ್ ನಿಯಮಗಳ ಐಪಿಟೇಬಲ್ಸ್ ಬೇರೆ, ಐಪಿವಿ6ಗೆ ಐಪಿ6ಟೇಬಲ್ಸ್ ಬೇರೆ. ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್ ಸಾಧನ ಬಳಸುತ್ತಿದ್ದರೆ ಅದರ ಕಡತದಲ್ಲಿ ಐಪಿವಿ6 ಯೆಸ್ ಇದೆಯೇ ನೋಡಿ. ಸರ್ವರ್‌ಗೆ ಐಪಿವಿ6 ಬೇಡವೇ ಬೇಡ ಎನ್ನುವುದಾದರೆ ಡೊಮೇನ್‌ನಿಂದ ನಾಲ್ಕು ಎ ಅಕ್ಷರಗಳ (ಐಪಿವಿ6 ವಿಳಾಸ ಹೇಳುವ) ದಾಖಲೆಯನ್ನೇ ತೆಗೆದುಬಿಡಿ. ಕೆಲಸ ಮಾಡದ ವಿಳಾಸವನ್ನು ಊರಿಗೆಲ್ಲ ಸಾರುವುದು ತಪ್ಪು. ಅಲ್ಲಿಯವರೆಗೆ ‘-ಒ ಕನೆಕ್ಟ್‌ಟೈಮ್‌ಔಟ್=10’ ಹಾಕಿಕೊಂಡರೆ ಕಾಯುವುದು ಹತ್ತು ಸೆಕೆಂಡಿಗೆ ಇಳಿಯುತ್ತದೆ.

ಇದೇ ಜಾತಿಯ ಇನ್ನೊಂದು ತೊಂದರೆ ಇದೆ. ಸಂಪರ್ಕ ಆಗುತ್ತದೆ, ಆದರೆ -ವಿ ಸಾಲುಗಳು ‘ಎಕ್ಸ್‌ಪೆಕ್ಟಿಂಗ್’ ಎಂದು ಶುರುವಾಗುವ ಕೀ ವಿನಿಮಯದ ಸಾಲಿಗೆ ಬಂದು ನಿಂತುಬಿಡುತ್ತವೆ. ಸಣ್ಣ ಪ್ಯಾಕೆಟ್ ದಾಟಿದವು, ದೊಡ್ಡದು ದಾಟಲಿಲ್ಲ ಎಂದರ್ಥ. ಐಪಿವಿ6ನಲ್ಲಿ ದಾರಿಯ ರೌಟರ್‌ಗಳು ಪ್ಯಾಕೆಟ್ ತುಂಡು ಮಾಡುವುದಿಲ್ಲ, ‘ದೊಡ್ಡದಾಯಿತು’ ಎಂದು ಐಸಿಎಂಪಿವಿ6 ಸಂದೇಶ ಕಳಿಸುತ್ತವೆ. ಅದನ್ನು ಯಾವುದೋ ಫೈರ್‌ವಾಲ್ ತಡೆದಿರುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನ ಎಂಟಿಯುವನ್ನು (ಒಂದು ಪ್ಯಾಕೆಟ್‌ನ ಗರಿಷ್ಠ ಅಳತೆ, ಬೈಟ್‌ಗಳಲ್ಲಿ) 1500ರಿಂದ 1280ಕ್ಕೆ ಇಳಿಸಿ ನೋಡಿ. ಐಪಿವಿ6 ಹಾದಿಗಳೆಲ್ಲ ಹೊರಲೇಬೇಕಾದ ಕನಿಷ್ಠ ಅಳತೆ ಅದು. ಆಗ ಲಾಗಿನ್ ಆದರೆ ರೋಗ ಸಿಕ್ಕಿತು. ಔಷಧ ಮಾತ್ರ ಫೈರ್‌ವಾಲ್‌ನಲ್ಲಿದೆ: ಐಸಿಎಂಪಿವಿ6 ಅನ್ನು ಪೂರ್ತಿ ಮುಚ್ಚಬಾರದು.

ಪ್ರಶ್ನೆ: ಬೇಲೂರಿನ ಅಂಗಡಿಯಲ್ಲಿ ಕೀ ಹಾಕಿ ಲಾಗಿನ್ ಆಗುವ ಲ್ಯಾಪ್‌ಟಾಪು ಹೊಸ ಫೈಬರ್ ಸಂಪರ್ಕ ಬಂದ ದಿನದಿಂದ ‘ಪರ್ಮಿಷನ್ ಡಿನೈಡ್’ ಎನ್ನುತ್ತಿದೆ. ಕೀ ಬದಲಾಗಿಲ್ಲ.
ಬೇಲೂರಿನ ಓದುಗರು

ಉತ್ತರ: ಸರ್ವರ್‌ನ ಆಥರೈಸ್ಡ್‌ಕೀಸ್ ಕಡತದಲ್ಲಿ ನಿಮ್ಮ ಕೀ ಮುಂದೆ ‘ಫ್ರಮ್=’ ಎಂದು ಹಳೆಯ ಐಪಿವಿ4 ವಿಳಾಸ ಬರೆದಿದೆಯೇ ನೋಡಿ. ಹೊಸ ಸಂಪರ್ಕ ನಿಮ್ಮನ್ನು ಐಪಿವಿ6 ಮೂಲಕ ಒಯ್ಯುತ್ತಿದ್ದರೆ ಕೀ ಸರಿಯಿದ್ದರೂ ವಿಳಾಸ ಹೊಂದುವುದಿಲ್ಲ. ಸರ್ವರ್ ಲಾಗ್‌ನಲ್ಲಿ ‘ಕರೆಕ್ಟ್ ಕೀ ಬಟ್ ನಾಟ್ ಫ್ರಮ್ ಎ ಪರ್ಮಿಟೆಡ್ ಹೋಸ್ಟ್’ ಎಂದಿದ್ದರೆ ಇದೇ. ಅಲೌಯೂಸರ್ಸ್, ಮ್ಯಾಚ್ ಅಡ್ರೆಸ್ ಸಾಲುಗಳನ್ನೂ ನೋಡಿ. ಸರಿಪಡಿಸುವಾಗ ಲ್ಯಾಪ್‌ಟಾಪಿನ ಇಡೀ ಐಪಿವಿ6 ವಿಳಾಸ ಬರೆಯಬೇಡಿ. ಖಾಸಗಿತನಕ್ಕಾಗಿ ಅದರ ಹಿಂಭಾಗ ಸಾಮಾನ್ಯವಾಗಿ ದಿನಕ್ಕೊಮ್ಮೆ ಹೊಸದಾಗುತ್ತದೆ. ಮುಂಭಾಗದ ನಾಲ್ಕು ಗುಂಪು ಬರೆದು ::/64 ಸೇರಿಸಿ. ಮುಂಭಾಗವೂ ಬದಲಾಗುವ ಸಂಪರ್ಕವಾದರೆ ಈ ಕಟ್ಟುಪಾಡನ್ನು ನೆಚ್ಚಬೇಡಿ, ಕೀಗೆ ಒಳ್ಳೆಯ ಪಾಸ್‌ಫ್ರೇಸ್ ಇಡಿ. ಸರ್ವರ್ ಕಾನ್ಫಿಗ್ ಮುಟ್ಟುವಾಗ ಈಗಾಗಲೇ ಲಾಗಿನ್ ಆಗಿರುವ ಒಂದು ಕಿಟಕಿ ತೆರೆದೇ ಇರಲಿ. ‘ಸುಡೊ ಎಸ್‌ಎಸ್‌ಎಚ್‌ಡಿ -ಟಿ’ ತಪ್ಪಿಲ್ಲ ಎಂದ ಮೇಲೆ ರೀಸ್ಟಾರ್ಟ್ ಮಾಡಿ, ಎರಡನೇ ಕಿಟಕಿಯಲ್ಲಿ ಲಾಗಿನ್ ಆದ ಮೇಲೆ ಮೊದಲನೆಯದನ್ನು ಮುಚ್ಚಿ.

ಪ್ರಶ್ನೆ: ಒಂದೇ ಸ್ವಿಚ್‌ಗೆ ಹಾಕಿದ ಎರಡು ಯಂತ್ರಗಳು. ಎಫ್‌ಇ80 ಎಂದು ಶುರುವಾಗುವ ವಿಳಾಸಕ್ಕೆ ಹೋದರೆ ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’.
ಸಕಲೇಶಪುರದ ಓದುಗರು

ಉತ್ತರ: ಎಫ್‌ಇ80 ವಿಳಾಸ ಆ ತಂತಿಗಷ್ಟೇ ಸೀಮಿತ. ಯಾವ ತಂತಿ ಎಂದು ಹೇಳಬೇಕು: ವಿಳಾಸದ ಕೊನೆಗೆ ಶೇಕಡಾ ಚಿಹ್ನೆ ಹಾಕಿ %ಇಟಿಎಚ್0 ಎಂದು ನಿಮ್ಮ ಯಂತ್ರದ ಕಾರ್ಡಿನ ಹೆಸರು ಸೇರಿಸಿ, ಎದುರಿನದ್ದಲ್ಲ. ವಿಂಡೋಸ್‌ನಲ್ಲಿ ಹೆಸರಿನ ಬದಲು ಸಂಖ್ಯೆ, %12 ಎಂಬಂತೆ. ಎಸ್‌ಸಿಪಿಯಲ್ಲಿ ಕಡತ ಕಳಿಸುವಾಗ ಇಡೀ ವಿಳಾಸವನ್ನು ಚೌಕಾವರಣದೊಳಗೆ ಹಾಕಲೇಬೇಕು, ಇಲ್ಲದಿದ್ದರೆ ಮೊದಲ ಕೋಲನ್‌ಗೇ ವಿಳಾಸ ಮುಗಿಯಿತು ಎಂದುಕೊಳ್ಳುತ್ತದೆ.

ಪ್ರಶ್ನೆ: ಕರೆಂಟ್ ಹೋಗಿ ಬಂದ ಮೇಲೆ ‘ರಿಮೋಟ್ ಹೋಸ್ಟ್ ಐಡೆಂಟಿಫಿಕೇಶನ್ ಹ್ಯಾಸ್ ಚೇಂಜ್ಡ್’ ಎಂಬ ದೊಡ್ಡ ಎಚ್ಚರಿಕೆ. ನೋನ್‌ಹೋಸ್ಟ್ಸ್ ಕಡತದಲ್ಲಿರುವ ಹಳೆಯ ಸಾಲು ಅಳಿಸಿಬಿಡಲೇ?
ಅರಸೀಕೆರೆಯ ಓದುಗರು

ಉತ್ತರ: ನೋಡದೆ ಅಳಿಸಬೇಡಿ. ರೌಟರ್ ಮತ್ತೆ ಶುರುವಾದಾಗ ಹಳೆಯ ವಿಳಾಸವನ್ನು ಬೇರೆ ಯಂತ್ರಕ್ಕೆ ಕೊಟ್ಟಿರುವ ಸಾಧ್ಯತೆಯೇ ಹೆಚ್ಚು, ಅಂದರೆ ನೀವು ತಟ್ಟುತ್ತಿರುವುದು ಬೇರೆಯವರ ಬಾಗಿಲು. ಯಂತ್ರದ ಮುಂದೆ ಕೂತು ‘ಎಸ್‌ಎಸ್‌ಎಚ್-ಕೀಜೆನ್ -ಎಲ್ -ಎಫ್’ ಆದೇಶವನ್ನು ಹೋಸ್ಟ್ ಕೀಯ (ಯಂತ್ರದ ಸ್ವಂತ ಗುರುತಿನ ಕೀ) .ಪಬ್ ಕಡತದ ಮೇಲೆ ಓಡಿಸಿ, ಬಂದ ಬೆರಳಚ್ಚನ್ನು ಎಚ್ಚರಿಕೆಯಲ್ಲಿರುವುದರೊಂದಿಗೆ ಹೋಲಿಸಿ. ಒಂದೇ ಆಗಿದ್ದರೆ ಮಾತ್ರ ‘ಎಸ್‌ಎಸ್‌ಎಚ್-ಕೀಜೆನ್ -ಆರ್’ ಮುಂದೆ ವಿಳಾಸ ಕೊಟ್ಟು ಹಳೆಯದನ್ನು ತೆಗೆಯಿರಿ, ಆರ್ ದೊಡ್ಡಕ್ಷರ. ಬೇರೆಯಾಗಿದ್ದರೆ ರೌಟರ್‌ನಲ್ಲಿ ಆ ಯಂತ್ರದ ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್ ಕಾರ್ಡಿನ ಗುರುತು) ಐಪಿ ಕಾಯ್ದಿರಿಸಿ. ನಿಮ್ಮ ಎಸ್‌ಎಸ್‌ಎಚ್ ಕಾನ್ಫಿಗ್‌ನಲ್ಲಿ ಹೋಸ್ಟ್‌ಕೀಅಲಿಯಾಸ್ ಎಂದು ಒಂದು ಹೆಸರು ಕೊಟ್ಟರೆ, ಐಪಿವಿ4ರಿಂದ ಹೋದರೂ ಐಪಿವಿ6ರಿಂದ ಹೋದರೂ ಅದೇ ಒಂದು ಕೀಯನ್ನು ಪರೀಕ್ಷಿಸುತ್ತದೆ.